ಕಪ್ಪಿನ ದಪ್ಪ

ಬ್ಯಾಟ್ಲಿಯ ಓಲ್ಡ್‌ರಾಯ್ಡ್ ಅಂತ್ಯಕ್ರಿಯೆ ಅಂಗಡಿಯಲ್ಲಿ
ಉದ್ದ ಕಾರುಗಳ ಜೊತೆ ಒಂದು ಮೋಟರ್‌ಸೈಕಲ್ಲೂ ಇದೆ.
ಸೈಡ್‌ಕಾರ್ ಇರಬೇಕಾದಲ್ಲಿ ಗಾಜಿನ ಪೆಟ್ಟಿಗೆ,
ಒಳಗೆ ಒಬ್ಬರು ಮಲಗುವಷ್ಟು ಜಾಗ.
ಬದುಕಿಡೀ ಎರಡು ಗಾಲಿಯ ಮೇಲೆ ಅಲೆದವರು
ಕೊನೆಗೊಮ್ಮೆ ಮೂರರ ಮೇಲೆ ಹೋಗುತ್ತಾರೆ,
ಹ್ಯಾಂಡಲ್ಲು ಬೇರೆಯವರ ಕೈಗೆ ಬಿಟ್ಟು.

ಓಡಿಸುವವಳು ಹೆಸ್ಟರ್.
ಉಜ್ಜುವವನು ನಾನು.

ಮೂವತ್ತೊಂದು ವರ್ಷ ಉಣ್ಣೆ ಗಿರಣಿಯಲ್ಲಿ
ಬಣ್ಣದ ತೊಟ್ಟಿ ಕಾದವನು. ಕಪ್ಪೆಂದರೆ
ಒಂದೇ ಎಂದುಕೊಂಡವರಿಗೆ ಏನು ಹೇಳಲಿ?
ನೀಲಿಗೆ ಜಾರುವ ಕಪ್ಪಿದೆ, ತುಕ್ಕಿಗೆ ಜಾರುವುದಿದೆ,
ದೀಪದಡಿ ಹಸಿರು ತೋರಿಸಿ ಮಾನ ಕಳೆಯುವುದಿದೆ.
ಈ ಟ್ಯಾಂಕಿನದು ಬಾವಿಯ ಕಪ್ಪು,
ಬಗ್ಗಿದವರ ಮುಖವನ್ನು ಬಗ್ಗಿದವರಿಗೇ ಕೊಡುವಂಥದ್ದು.

ಬಿಳಿ ಕ್ಷಮಿಸುತ್ತದೆ. ಬೂದು ಮರೆಯುತ್ತದೆ.
ಕಪ್ಪು ಮಾತ್ರ ಚಾಡಿಕೋರ.
ಒಣಬಟ್ಟೆಯಲ್ಲಿ ಒಂದೇ ಒಂದು ಸಲ ಒರೆಸಿ ನೋಡಿ,
ಬಿಸಿಲು ಬಿದ್ದ ಕೂಡಲೇ
ಜೇಡ ನೇಯ್ದ ಹಾಗೆ ಸುತ್ತುಸುತ್ತಿನ ಗೀರು.
ಯಾರು ಒರೆಸಿದರು, ಎಷ್ಟು ಅವಸರದಲ್ಲಿದ್ದರು,
ಬೀದಿಗೆಲ್ಲ ಗೊತ್ತು.

ಅದಕ್ಕೇ ಎರಡು ಬಕೆಟ್ಟು. ಒಂದರಲ್ಲಿ ಸೋಪು,
ಇನ್ನೊಂದರಲ್ಲಿ ಬರಿ ನೀರು, ಬಟ್ಟೆಯ ಪಾಪ ಕಳೆಯಲು.
ಮೊದಲು ಪೈಪು ಹಿಡಿದು ಮರಳನ್ನು ಇಳಿಸು,
ಆಮೇಲೆ ಮೇಲಿನಿಂದ ಕೆಳಕ್ಕೆ, ನೇರ; ಕೈ ಸುತ್ತಬಾರದು.
ತೊಳೆದಾದ ಮೇಲೂ ನಂಬಬೇಡ.
ತೆಳು ಪ್ಲಾಸ್ಟಿಕ್ ಚೀಲದೊಳಗೆ ಬೆರಳಿಟ್ಟು ಸವರು,
ಕಣ್ಣು ಕಾಣದ ತರಿ ಬೆರಳಿಗೆ ಕೇಳಿಸುತ್ತದೆ.
ಅದಕ್ಕೆ ಜೇಡಿಮುದ್ದೆ ನಾದಬೇಕು,
ಮಗುವಿನ ಬೆನ್ನು ಸವರಿದಷ್ಟು ಹಗುರಾಗಿ ಎಳೆಯಬೇಕು,
ಡಾಂಬರಿನ ಚುಕ್ಕೆ, ರೈಲುಕಂಬಿಯ ಕಬ್ಬಿಣದ ಪುಡಿ
ಮುದ್ದೆಗೆ ಅಂಟಿ ಬರುತ್ತವೆ.
ಚಳಿಗಾಲದಲ್ಲಿ ಇಲ್ಲಿ ರಸ್ತೆಗೆ ಉಪ್ಪು ಎರಚುತ್ತಾರೆ.
ಉಪ್ಪು ತಿಂದ ಗಾಡಿ ನೀರು ಕುಡಿಯಲೇಬೇಕು,
ಅಂದೇ, ಕತ್ತಲಾದರೂ, ಬೆರಳು ಸೆಟೆದರೂ.

ಫೆಬ್ರವರಿಯಲ್ಲಿ ಡೆಂಜಿಲ್ ಹರ್ಸ್ಟ್ ಹೋದ,
ಚಾವಣಿಗೆ ಹೆಂಚು ಹೊದಿಸುವವನು.
ಅವನ ಹೆಂಡತಿ ಬೆರಿಲ್ ಅಳಲಿಲ್ಲ.
ಗಾಜಿನತ್ತ ನೋಡಲೂ ಇಲ್ಲ. ನೇರ ಮುಂದೆ ಬಂದು
ಕುದುರೆಯನ್ನು ಕಳಿಸುವ ಹಾಗೆ
ಟ್ಯಾಂಕಿನ ಮೇಲೆ ಮೂರು ಸಲ ತಟ್ಟಿದಳು.
ಬಡಕಲು ಬೆರಳು, ಸಡಿಲ ಉಂಗುರ,
ಹರಳು ಅಂಗೈ ಕಡೆ ತಿರುಗಿತ್ತು.

ಸಂಜೆ ಟಾರ್ಚು ಬಿಟ್ಟರೆ ಮುಚ್ಚಳದ ಬಳಿ
ಕೂದಲಿನಷ್ಟು ತೆಳ್ಳಗೆ ಮೂರು ಗೀರು.

ಪಾಲಿಶ್ ಇತ್ತು, ಮೆಷಿನ್ ಇತ್ತು, ಕೈಯೂ ಇತ್ತು.
ಆದರೆ ಈ ಕೆಲಸದ ಗುಟ್ಟು ಒಂದೇ:
ಗೀರನ್ನು ಯಾರೂ ತೆಗೆಯಲಾರರು.
ಸುತ್ತಲಿನ ಮೈಯನ್ನು ಸವೆಸುತ್ತ ಸವೆಸುತ್ತ
ಗೀರಿನ ತಳಕ್ಕೆ ಇಳಿಸುತ್ತೇವೆ, ಅಷ್ಟೇ.
ಅದನ್ನೇ ಜನ ಹೊಳಪು ಅನ್ನುತ್ತಾರೆ.
ಮಾಪಕ ಇಟ್ಟೆ. ನಾನು ಬಂದ ವರ್ಷ ನೂರ ಇಪ್ಪತ್ತಿತ್ತು.
ಈಗ ಎಂಬತ್ತನಾಲ್ಕು.
ಉಳಿದ ಮೂವತ್ತಾರು ಮೈಕ್ರಾನ್ ಕಪ್ಪು
ನನ್ನ ಹಳೆಯ ಬಟ್ಟೆಗಳಲ್ಲಿದೆ, ಚರಂಡಿಯಲ್ಲಿದೆ,
ಉಗುರಿನ ಸಂದಿಯಲ್ಲೂ ಇರಬಹುದು.

"ನಾಳೆ ಹನ್ನೊಂದಕ್ಕೆ ಇನ್ನೊಂದಿದೆ" ಅಂದಳು ಹೆಸ್ಟರ್.

ಮೆಷಿನ್ ಮುಟ್ಟಲಿಲ್ಲ. ಅಂಗೈಯಲ್ಲಿ ಮೇಣ ಕರಗಿಸಿ
ಮೂರು ಗೀರಿಗೂ ತುಂಬಿದೆ.
ಮೇಣದ ಸುಳ್ಳು ನಾಲ್ಕು ವಾರ ನಿಲ್ಲುತ್ತದೆ,
ಮಳೆ ಜೋರಾದರೆ ಮೂರು.

ಏಪ್ರಿಲ್‌ನಲ್ಲಿ ಬಾಕಿ ಕಟ್ಟಲು ಬೆರಿಲ್ ಬಂದಳು.
ಗಾಡಿ ಅಂಗಳದಲ್ಲಿತ್ತು. "ಅವತ್ತು ಏನಾದರೂ
ಕಲೆ ಮಾಡಿದೆನಾ?" ಅಂತ ಕೇಳಿದಳು.
ಇಲ್ಲವಲ್ಲ, ಅಂದೆ.
ಬಿಸಿಲಿತ್ತು.

ಅವಳು ನನ್ನನ್ನು ನೋಡಿ, ಟ್ಯಾಂಕನ್ನು ನೋಡಿ,
ಕೋಟಿನ ತೋಳನ್ನು ಮುಷ್ಟಿಯವರೆಗೆ ಎಳೆದುಕೊಂಡು
ಉಜ್ಜತೊಡಗಿದಳು, ಒಣ ಉಣ್ಣೆಯಲ್ಲಿ, ಸುತ್ತಿ ಸುತ್ತಿ.
ನಾನು ಬಾಯಿ ತೆರೆದೆ.
ಮತ್ತೆ ಮುಚ್ಚಿಕೊಂಡು
ಬಕೆಟ್ಟಿಗೆ ನೀರು ಬಿಡಲು ಹೋದೆ.